ಹಳೆ ಗಾಡಿಯ ಸವೆದ ಪ್ಲಾಸ್ಟಿಕ್: ಅಂಟಿಸಬಹುದಾದದ್ದು, ಅಂಟಿಸಲೇಬಾರದ್ದು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹತ್ತು-ಹದಿನೈದು ವರ್ಷ ದಾಟಿದ ಮೋಟರ್‌ಸೈಕಲ್ ಓಡಿಸುವ ಎಲ್ಲರಿಗೂ, ಅವನ್ನು ಬಿಚ್ಚಿ ಜೋಡಿಸುವ ಮಿಸ್ತ್ರಿಗಳಿಗೂ ಈ ಸೂಚನೆ.

ಗಾಡಿಯ ಮೇಲಿರುವ ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿ. ಒಂದು ಬರೀ ಮುಚ್ಚುತ್ತದೆ, ಇನ್ನೊಂದು ದುಡಿಯುತ್ತದೆ. ಸೈಡ್ ಕವರ್, ಹೆಡ್‌ಲೈಟ್ ಡೂಮ್, ಸೀಟಿನ ಹಿಂದಿನ ಟೇಲ್ ಪ್ಯಾನೆಲ್ ಮುಚ್ಚುವ ಜಾತಿ. ಎಕ್ಸಲೇಟರ್ ಪೈಪು, ಮೀಟರ್ ಗೇರು, ಚೈನ್ ಸ್ಲೈಡರ್, ಏರ್ ಫಿಲ್ಟರ್ ಡಬ್ಬಿ ದುಡಿಯುವ ಜಾತಿ. ಮುಚ್ಚುವುದು ಒಡೆದರೆ ಅಂಟಿಸಿ, ಹೊಲಿಯಿರಿ, ಬಣ್ಣ ಹಚ್ಚಿ. ಹಣ ಉಳಿಯುತ್ತದೆ, ಯಾರಿಗೂ ಕೇಡಿಲ್ಲ. ದುಡಿಯುವುದು ಸವೆದರೆ ಹೊಸದನ್ನೇ ಹಾಕಿ. ನಮ್ಮಲ್ಲಿ ನಡೆಯುತ್ತಿರುವುದು ಇದರ ಉಲ್ಟಾ. ಎಲ್ಲರ ಕಣ್ಣಿಗೆ ಬೀಳುವ ಸೈಡ್ ಕವರಿಗೆ ಹೊಸದು ತರುತ್ತಾರೆ, ಕಣ್ಣಿಗೆ ಬೀಳದ ಎಕ್ಸಲೇಟರ್ ಪೈಪಿಗೆ ಎಂ-ಸೀಲ್ ಮೆತ್ತುತ್ತಾರೆ. ಇದು ನಿಲ್ಲಬೇಕು.

ಮೊದಲು ನಿಮ್ಮ ಗಾಡಿಯ ವಯಸ್ಸು ಲೆಕ್ಕ ಹಾಕಿ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದಕ್ಕೂ ಮುಂಚೆ ಇಲ್ಲಿನ ಎಷ್ಟೋ ಗಾಡಿಗಳು ಗುಲ್ಬರ್ಗದ ಕೆಎ-32ರಲ್ಲಿ ನೋಂದಣಿ ಆಗುತ್ತಿದ್ದವು. ನಿಮ್ಮ ಮನೆಯ ಗಾಡಿಗೆ ಕೆಎ-32 ಪ್ಲೇಟಿದ್ದು, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಎಂದಿದ್ದರೆ ಅದಕ್ಕೆ ಹದಿನೈದು ತುಂಬಿರುತ್ತದೆ, ಇಲ್ಲವೇ ತುಂಬುವ ಹೊತ್ತಾಗಿರುತ್ತದೆ. ಹೀರೋ ಮತ್ತು ಹೋಂಡಾ ಬೇರೆಯಾಗುವ ಒಪ್ಪಂದ ಆದದ್ದು 2010ರ ಡಿಸೆಂಬರ್‌ನಲ್ಲಿ. 2011ರಲ್ಲಿ ಕಂಪನಿಯ ಹೆಸರು ಹೀರೋ ಮೋಟೋಕಾರ್ಪ್ ಆಯಿತು. 1985ರ ಸಿಡಿ 100, 1994ರ ಸ್ಪ್ಲೆಂಡರ್, 2001ರ ಪಲ್ಸರ್, ಇವುಗಳ ಹಳೆಯ ತಲೆಮಾರಿನ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಗೊಬ್ಬರದ ಚೀಲ ಹೊರುತ್ತಿವೆ, ಹಾಲಿನ ಕ್ಯಾನು ಹೊರುತ್ತಿವೆ, ಮಕ್ಕಳನ್ನು ಶಾಲೆಗೆ ಬಿಡುತ್ತಿವೆ. ಎಂಜಿನ್ನು ಗಟ್ಟಿ ಇದೆ. ಉಕ್ಕು ಗಟ್ಟಿ ಇದೆ. ಮೊದಲು ಸೋಲುವುದು ಪ್ಲಾಸ್ಟಿಕ್.

ಸೋಲುವುದಕ್ಕೆ ಕಾರಣ ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಅದು ನೆರಳಿನ ಲೆಕ್ಕ. ಬಯಲಲ್ಲಿ ನಿಂತ ಗಾಡಿಯ ಕಪ್ಪು ಪ್ಲಾಸ್ಟಿಕ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಡಿಯುತ್ತ ಹೋಗುತ್ತದೆ: ಮೊದಲು ಹೊಳಪು ಹೋಗಿ ಬೂದಿ ಬಣ್ಣ, ಆಮೇಲೆ ಕೂದಲೆಳೆಯಂಥ ಸೀಳು, ಕೊನೆಗೆ ಮುಟ್ಟಿದರೆ ಚೂರು. ಗಾಡಿಯನ್ನು ದಿನವಿಡೀ ಬಿಸಿಲಿಗೆ ನಿಲ್ಲಿಸಬೇಡಿ. ಬೇವಿನ ನೆರಳು ಸಿಕ್ಕರೆ ನೆರಳು, ಇಲ್ಲದಿದ್ದರೆ ಹಳೆ ಬಟ್ಟೆಯನ್ನಾದರೂ ಹೊದಿಸಿ. ಬೂದಿ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ಕಿಗೆ ಎಣ್ಣೆ ಒರೆಸಿದರೆ ಕಪ್ಪು ಬರುತ್ತದೆ, ಬಲ ಬರುವುದಿಲ್ಲ. ಮೇಲಾಗಿ ಆ ಎಣ್ಣೆಗೆ ಧೂಳು ಕೂರುತ್ತದೆ.

ಎಕ್ಸಲೇಟರ್ ಪೈಪು

ಇದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಜೀವ ತೆಗೆಯುವ ಪ್ಲಾಸ್ಟಿಕ್ ಇದೇ.

ಬಲಗೈ ಹಿಡಿಯ ರಬ್ಬರಿನ ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ ಇದೆ. ಹ್ಯಾಂಡಲ್ಲಿನ ಉಕ್ಕಿನ ಪೈಪಿನ ಮೇಲೆ ಅದು ತಿರುಗುತ್ತದೆ. ಅದರ ಒಳತುದಿಗೆ ಒಂದು ಅಗಲ ಅಂಚು, ಅಂಚಿನ ಸುತ್ತ ಒಂದು ಕಚ್ಚು, ಕಚ್ಚಿನ ಕೊನೆಗೆ ಒಂದು ಸಣ್ಣ ಕುಳಿ. ಕೇಬಲ್ಲಿನ ತುದಿಯ ಗುಂಡು ಆ ಕುಳಿಯಲ್ಲಿ ಕೂತು, ತಂತಿ ಆ ಕಚ್ಚಿನಲ್ಲಿ ಸುತ್ತಿಕೊಳ್ಳುತ್ತದೆ. ನೀವು ರೇಸ್ ಕೊಟ್ಟಾಗಲೆಲ್ಲ ಉಕ್ಕಿನ ತಂತಿ ಪ್ಲಾಸ್ಟಿಕ್ಕನ್ನು ಎಳೆಯುತ್ತದೆ. ಹದಿನೈದು ವರ್ಷ ಎಳೆದರೆ ತಂತಿ ಕಚ್ಚಿನೊಳಗೆ ಕೊರೆದುಕೊಂಡು ಇಳಿದಿರುತ್ತದೆ, ಕುಳಿಯ ಬಾಯಿ ಸೀಳು ಬಿಟ್ಟಿರುತ್ತದೆ. ಇನ್ನೊಂದು ಕಡೆ ಎರೆ ಮಣ್ಣಿನ ಧೂಳು ಕೊಳವೆಯ ಒಳಕ್ಕೆ ಹೊಕ್ಕು, ಬೆವರಿಗೆ ಹ್ಯಾಂಡಲ್ಲು ತುಕ್ಕು ಹಿಡಿದು, ಒಳಮೈಯನ್ನು ಮರಳು ಕಾಗದ ತಿಕ್ಕಿದ ಹಾಗೆ ತಿಕ್ಕಿರುತ್ತದೆ.

ಕುಳಿ ಒಡೆದು ಗುಂಡು ಕಳಚಿದರೆ ರೇಸ್ ಹೋಗುತ್ತದೆ, ಗಾಡಿ ನಡುರಸ್ತೆಯಲ್ಲಿ ಮೆತ್ತಗಾಗುತ್ತದೆ. ಹಿಂದೆ ಲಾರಿ ಇಲ್ಲದಿದ್ದರೆ ಬದುಕಿದಿರಿ. ಒಡೆದ ಚೂರು ಸ್ವಿಚ್ ಡಬ್ಬಿಯ ಒಳಗೆ ಸಿಕ್ಕಿಕೊಂಡರೆ ಅಥವಾ ಕೊಳವೆ ತುಕ್ಕಿಗೆ ಬಿಗಿದುಕೊಂಡರೆ ರೇಸ್ ಏರಿದ್ದು ಇಳಿಯುವುದಿಲ್ಲ. ಭೀಮಾ ಸೇತುವೆಯ ಮೇಲೆ, ಸುರಪುರದ ಗುಡ್ಡದ ಇಳಿಜಾರಿನಲ್ಲಿ, ಜಾತ್ರೆಯ ಜನದ ನಡುವೆ ಹೀಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆಗೆ ಒಂದು ನಿಮಿಷ ಸಾಕು. ಎಂಜಿನ್ ಬಂದ್ ಇರಲಿ. ಹಿಡಿಯನ್ನು ಪೂರ್ತಿ ತಿರುಗಿಸಿ ಥಟ್ಟನೆ ಕೈ ಬಿಡಿ. ಅದು ತಾನಾಗಿಯೇ, ಟಪ್ ಎಂದು ಮೂಲ ಜಾಗಕ್ಕೆ ಬರಬೇಕು. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ಹೊರಳಿಸಿ ಮತ್ತೆ ನೋಡಿ, ಬಲಕ್ಕೆ ಹೊರಳಿಸಿ ಮತ್ತೆ ನೋಡಿ. ನಿಧಾನಕ್ಕೆ ಬಂದರೆ, ಅರ್ಧಕ್ಕೆ ನಿಂತರೆ, ಕೈಯಿಂದ ಹಿಂದಕ್ಕೆ ತಿರುಗಿಸಬೇಕಾಗಿ ಬಂದರೆ ಆ ಗಾಡಿಯನ್ನು ಅವತ್ತು ರಸ್ತೆಗೆ ಇಳಿಸಬೇಡಿ.

ಮಾಡಬೇಕಾದ್ದು: ಪೈಪನ್ನು ಬದಲಿಸಿ. ಅದರ ಬೆಲೆ ಒಂದು ಲೀಟರ್ ಪೆಟ್ರೋಲಿನ ಆಸುಪಾಸು. ಸ್ವಿಚ್ ಡಬ್ಬಿಯ ಕೆಳಗಿನ ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಎರಡು ಹೋಳು ಮಾಡಿ, ಕೇಬಲ್ ಗುಂಡು ಬಿಡಿಸಿ, ಹಳೆ ಪೈಪನ್ನು ಎಳೆದು ತೆಗೆಯಿರಿ. ಕೆಳಗೆ ಕಾಣುವ ಉಕ್ಕಿನ ಪೈಪಿನ ತುಕ್ಕನ್ನು ಸಣ್ಣ ಮರಳು ಕಾಗದದಿಂದ ತಿಕ್ಕಿ ನುಣ್ಣಗೆ ಮಾಡಿ, ಒಣ ಬಟ್ಟೆಯಿಂದ ಒರೆಸಿ. ಕೇಬಲ್ಲಿನ ಒಂದು ಎಳೆ ಕಡಿದಿದ್ದರೂ ಕೇಬಲ್ಲನ್ನೂ ಅದರ ಜೊತೆಗೇ ಬದಲಿಸಿ. ಡಬ್ಬಿ ಹೇಗೂ ಬಿಚ್ಚಿದೆ. ಹೊಸ ಪೈಪಿನ ಕಚ್ಚಿಗೆ, ಗುಂಡಿಗೆ ಗ್ರೀಸಿನ ತೆಳು ಸವರು ಸಾಕು. ಹಿಡಿಯ ಹೊರತುದಿ ಹ್ಯಾಂಡಲ್ಲಿನ ತುದಿಗೆ ತಾಗದಂತೆ ಕೂದಲೆಳೆ ಸಂದು ಬಿಡಿ. ಕೇಬಲ್ ಬಿಗಿಸುವಾಗ ಹಿಡಿಯಲ್ಲಿ 2ರಿಂದ 6 ಮಿಲಿಮೀಟರ್ ಸಡಿಲ ಇರಬೇಕು. ನಿಮ್ಮ ಗಾಡಿಯ ಹ್ಯಾಂಡ್‌ಬುಕ್ಕಿನಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಆಮೇಲೆ ನಡುಸ್ಟ್ಯಾಂಡಿಗೆ ಹಾಕಿ ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ಹೊರಳಿಸಿ. ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ. ಅದು ಹಾಯುವ ದಾರಿ ಸರಿಪಡಿಸದೆ ಓಡಿಸಬೇಡಿ.

ಮಾಡಬಾರದ್ದು: ಒಡೆದ ಕುಳಿಗೆ ಎಂ-ಸೀಲ್ ತುಂಬಬೇಡಿ. ಗುಂಡನ್ನು ತಂತಿಯಿಂದ ಕಟ್ಟಬೇಡಿ. ಸಡಿಲವಾದ ಪೈಪಿನ ಒಳಗೆ ಟೇಪು ಸುತ್ತಬೇಡಿ. ಬಿಗಿಯಾಗಿದೆಯೆಂದು ಎಂಜಿನ್ ಆಯಿಲ್ ಸುರಿಯಬೇಡಿ. ಎರಡು ದಿನ ನುಣ್ಣಗೆ ತಿರುಗುತ್ತದೆ, ಮೂರನೆಯ ದಿನ ಆಯಿಲಿಗೆ ಧೂಳು ಕೂಡಿ ಇನ್ನಷ್ಟು ಬಿಗಿಯುತ್ತದೆ. ಬೇಸಿಗೆಯಲ್ಲಿ ಕೈ ಸುಡುತ್ತದೆಂದು ಹಿಡಿಗೆ ಬಟ್ಟೆ, ಸ್ಪಂಜು ಸುತ್ತುವವರು ಬಲಗಡೆ ಸುತ್ತಲೇಬೇಡಿ. ಆ ಬಟ್ಟೆ ಜಾರಿ ಸ್ವಿಚ್ ಡಬ್ಬಿಗೆ ಒತ್ತಿ ನಿಂತರೆ ಒಳ್ಳೆಯ ಪೈಪೂ ತಿರುಗಿ ಬರುವುದಿಲ್ಲ.

ಓಡುವಾಗಲೇ ರೇಸ್ ಸಿಕ್ಕಿಕೊಂಡರೆ ಮೊದಲು ಕ್ಲಚ್ ಹಿಡಿಯಿರಿ. ಎಂಜಿನ್ ಎಷ್ಟೇ ಕೂಗಲಿ, ಹಿಡಿದೇ ಇರಿ. ಎರಡೂ ಬ್ರೇಕ್ ಒತ್ತಿ ಎಡಕ್ಕೆ ಬನ್ನಿ, ಕೀ ಆಫ್ ಮಾಡಿ. ಹಳೆಯ 100 ಸಿಸಿ ಗಾಡಿಗಳಲ್ಲಿ ಬಹಳಷ್ಟಕ್ಕೆ ಹ್ಯಾಂಡಲ್ಲಿನ ಮೇಲೆ ಎಂಜಿನ್ ನಿಲ್ಲಿಸುವ ಕೆಂಪು ಗುಂಡಿ ಇರುವುದಿಲ್ಲ, ಕೀಯೊಂದೇ ದಾರಿ. ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಈ ಮಾತನ್ನು ಹೇಳಿಕೊಡಿ.

ಮುಂದಿನ ಗಾಲಿಯ ಮೀಟರ್ ಗೇರು

ಮುಳ್ಳು ನಡುಗುವುದು, ಓಡುವಾಗ ಒಮ್ಮೆ ಸೊನ್ನೆಗೆ ಬಿದ್ದು ಮತ್ತೆ ಏಳುವುದು, ಕಿಲೋಮೀಟರ್ ಅಂಕಿ ನಿಂತುಹೋಗುವುದು: ಇದಕ್ಕೆ ಕಾರಣ ಕೇಬಲ್ ಇರಬಹುದು, ಮುಂದಿನ ಗಾಲಿಯಲ್ಲಿರುವ ಗೇರೂ ಇರಬಹುದು. ಅನೇಕ ಗಾಡಿಗಳಲ್ಲಿ ಈ ಗೇರು ನೈಲಾನಿನದು. ಗ್ರೀಸು ಒಣಗಿ, ಕಾಲುವೆ ಸೀಮೆಯ ಕೆಸರು ನೀರು ಒಳಹೊಕ್ಕು ಹಲ್ಲು ಸವೆಯುತ್ತದೆ. ಮೊದಲು ಕೇಬಲ್ಲಿನ ಕೆಳತುದಿ ಬಿಚ್ಚಿ, ಮುಂದಿನ ಗಾಲಿ ಎತ್ತಿ ತಿರುಗಿಸಿ ನೋಡಿ. ಕೇಬಲ್ ಕೂರುವ ತೂತಿನೊಳಗೆ ಅಚ್ಚು ತಿರುಗುತ್ತಿದ್ದರೆ ಗೇರು ಸರಿ ಇದೆ, ತಪ್ಪು ಕೇಬಲ್ಲಿನದು. ತಿರುಗದಿದ್ದರೆ ಗಾಲಿ ಬಿಚ್ಚಬೇಕು.

ಮುರಿದ ಹಲ್ಲನ್ನು ಕಾಯಿಸಿ ಕೂಡಿಸುವುದು, ಫೆವಿಕ್ವಿಕ್ ಮೇಲೆ ಅಡುಗೆ ಸೋಡಾ ಉದುರಿಸಿ ಹೊಸ ಹಲ್ಲು ಕಟ್ಟುವುದು ಬೇಡ. ಸೋಡಾ ಬಿದ್ದೊಡನೆ ಅದು ಕಲ್ಲಿನಂತಾಗುವುದು ನಿಜ. ಆದರೆ ಬಗ್ಗುವ ಗುಣ ಇರುವುದಿಲ್ಲ, ಮೊದಲ ಹೊಡೆತಕ್ಕೇ ಪುಡಿಯಾಗಿ ಆ ಪುಡಿ ಬ್ರೇಕ್ ಶೂ ಇರುವ ಜಾಗಕ್ಕೆ ಬೀಳುತ್ತದೆ. ಗೇರನ್ನು ಜೋಡಿಯಾಗಿ ಕೊಂಡು ಜೋಡಿಯಾಗಿ ಹಾಕಿ. ಸವೆದ ಹಲ್ಲಿನ ಜೊತೆ ಹೊಸ ಹಲ್ಲು ಬಾಳುವುದಿಲ್ಲ.

ಗಾಲಿ ಬಿಚ್ಚಿದಾಗ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡಿ, ಪಂಪಿನ ಗಾಳಿಯನ್ನೂ ಹೊಡೆಯಬೇಡಿ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ. ಗ್ರೀಸನ್ನು ಗೇರಿಗೆ ಮಾತ್ರ, ಅದೂ ಸ್ವಲ್ಪವೇ ಹಚ್ಚಿ. ಒಂದು ಹನಿ ಲೈನರಿಗೆ ತಾಗಿದರೆ ಮುಂದಿನ ಬ್ರೇಕ್ ಹಿಡಿಯುವುದಿಲ್ಲ.

ಮತ್ತೆ ಜೋಡಿಸುವಾಗ ಎರಡು ಜಾಗ ನೋಡಲೇಬೇಕು. ಗೇರಿನ ಕಿವಿಗಳು ಗಾಲಿಯ ಹಬ್ಬಿನ ಗುಣಿಗಳಲ್ಲಿ ಕೂತಿರಬೇಕು; ಕೂರದೆ ಆಕ್ಸಲ್ ಬಿಗಿದರೆ ಹೊಸ ಗೇರು ಅಲ್ಲಿಯೇ ಅಪ್ಪಚ್ಚಿ. ಇನ್ನೊಂದು, ಅದಕ್ಕಿಂತ ದೊಡ್ಡದು: ಬ್ರೇಕ್ ಪ್ಲೇಟಿನ ಹೊರಮೈಯಲ್ಲಿರುವ ಗುಣಿ ಫೋರ್ಕ್ ಕಾಲಿನ ಮೇಲಿರುವ ಉಬ್ಬಿಗೆ ಕಚ್ಚಿರಬೇಕು. ಬ್ರೇಕ್ ಹಿಡಿದಾಗ ಪ್ಲೇಟು ಗಾಲಿಯೊಂದಿಗೆ ತಿರುಗದಂತೆ ತಡೆಯುವುದು ಆ ಉಬ್ಬೊಂದೇ. ಅದು ತಪ್ಪಿದರೆ ಪ್ಲೇಟು ಸುತ್ತಿ, ಕೇಬಲ್ ಎಳೆದುಕೊಂಡು, ಮುಂದಿನ ಗಾಲಿ ಥಟ್ಟನೆ ಲಾಕ್ ಆಗುತ್ತದೆ. ಮಿಸ್ತ್ರಿ ಎಷ್ಟೇ ಪಳಗಿದವರಿರಲಿ, ಗಾಡಿ ತೆಗೆದುಕೊಂಡು ಹೋಗುವ ಮುಂಚೆ ಬಗ್ಗಿ ಈ ಉಬ್ಬನ್ನು ನಿಮ್ಮ ಕಣ್ಣಾರೆ ನೋಡಿ.

ಚೈನ್ ಸ್ಲೈಡರ್, ಏರ್ ಫಿಲ್ಟರ್ ಡಬ್ಬಿ

ಸ್ಪ್ಲೆಂಡರಿನಂತೆ ಚೈನು ಪೂರ್ತಿ ತಗಡಿನ ಕವಚದೊಳಗಿದ್ದರೆ ಅದರ ಮಾತೇ ಬೇರೆ. ತೆರೆದ ಚೈನಿನ ಗಾಡಿಗಳಲ್ಲಿ ಹಿಂದಿನ ಸ್ವಿಂಗ್ ಆರ್ಮಿನ ಮುಂತುದಿಗೆ ಒಂದು ಮೆದು ಪಟ್ಟಿ ಇರುತ್ತದೆ. ಚೈನು ಅದರ ಮೇಲೆ ಜಾರುತ್ತದೆ. ಅದರಲ್ಲಿ ಆಳವಾದ ಎರಡು ಗೆರೆ ಬಿದ್ದಿದ್ದರೆ ಬದಲಿಸುವ ಹೊತ್ತು ಬಂದಿದೆ. ಪಟ್ಟಿ ತೂತಾದ ಮೇಲೆ ಚೈನು ಉಕ್ಕನ್ನೇ ಗರಗಸದಂತೆ ಕೊಯ್ಯುತ್ತದೆ. ಪಟ್ಟಿ ಅಗ್ಗ, ಸ್ವಿಂಗ್ ಆರ್ಮ್ ದುಬಾರಿ. ಟ್ಯೂಬಿನ ರಬ್ಬರ್ ಸುತ್ತಿ ತಂತಿ ಕಟ್ಟಬೇಡಿ. ಅದು ಬಿಚ್ಚಿಕೊಂಡು ಚೈನಿಗೆ, ಚೈನಿನಿಂದ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಪಟ್ಟಿ ಹಾಕಲು ಸ್ವಿಂಗ್ ಆರ್ಮನ್ನೇ ಹೊರಗೆ ತೆಗೆಯಬೇಕು. ಹಾಗಿದ್ದರೆ ಅದರ ಬುಷ್ಷನ್ನೂ ಆಗಲೇ ನೋಡಿಸಿ. ಪಟ್ಟಿ ಬೇಗ ಸವೆಯಲು ಕಾರಣ ಬಹುಮಟ್ಟಿಗೆ ಸಡಿಲ ಚೈನು. ಚೈನಿನ ನಡುಭಾಗವನ್ನು ಕೆಳಗಿನಿಂದ ಎತ್ತಿದರೆ ಹ್ಯಾಂಡ್‌ಬುಕ್ಕಿನಲ್ಲಿ ಬರೆದಷ್ಟೇ ಆಡಬೇಕು; ಸಾಮಾನ್ಯ ಗಾಡಿಗಳಲ್ಲಿ ಅದು 20ರಿಂದ 30 ಮಿಲಿಮೀಟರ್.

ಫಿಲ್ಟರ್ ಡಬ್ಬಿಯನ್ನು ಯಾರೂ ನೋಡುವುದಿಲ್ಲ. ಸೈಡ್ ಕವರಿನ ಒಳಗಿರುವ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಸೀಳು ಬಿಟ್ಟರೆ, ಇಲ್ಲವೇ ಅದರಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಕೊಳವೆ ಬಿರಿದರೆ, ಎಂಜಿನ್ನು ಫಿಲ್ಟರನ್ನು ಬಿಟ್ಟು ಅಲ್ಲಿಂದಲೇ ಉಸಿರಾಡುತ್ತದೆ. ಒಳಕ್ಕೆ ಹೋಗುವುದು ನಮ್ಮ ಹೊಲದ ದಾರಿಯ ಧೂಳು. ಆ ಧೂಳಿನಲ್ಲಿ ಉಕ್ಕಿಗಿಂತ ಗಟ್ಟಿಯಾದ ಮರಳಿನ ಕಣ ಇದೆ. ಪಿಸ್ಟನ್ ರಿಂಗು, ಬೋರು ಸವೆದು ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದಾಗ ಜನ ಎಂಜಿನ್ ಹೋಯಿತೆನ್ನುತ್ತಾರೆ. ಡಬ್ಬಿಯ ಮುಚ್ಚಳದ ರಬ್ಬರ್ ವಾಷರ್ ಇದೆಯೇ, ಸ್ಕ್ರೂಗಳೆಲ್ಲ ಇವೆಯೇ ನೋಡಿ. ಸೀಳು ಬಿಟ್ಟ ಡಬ್ಬಿಗೆ ಹೊಸದು ಹಾಕಿ. ಅದು ಸಿಗುವವರೆಗೆ ಮಾತ್ರ ಒಳ್ಳೆಯ ಅಂಟು ಟೇಪಿನಿಂದ ಹೊರಗಡೆಯಿಂದ ಬಿಗಿಯಾಗಿ ಮುಚ್ಚಬಹುದು. ಪಿಕಪ್ ಹೆಚ್ಚುತ್ತದೆಂದು ಫಿಲ್ಟರನ್ನೇ ತೆಗೆದು ಓಡಿಸುವ ಹುಡುಗರಿಗೆ: ತೆಗೆಯಬೇಡಿ. ಅದು ಎಂಜಿನ್ನಿನ ಆಯುಷ್ಯ ಕಡಿಯುವ ಕೆಲಸ.

ಪೆಟ್ರೋಲ್ ತಾಗುವ ಯಾವ ಪ್ಲಾಸ್ಟಿಕ್ಕಿಗೂ ಅಂಟು ಹಚ್ಚಬೇಡಿ. ಪೆಟ್ರೋಲ್ ಪೈಪಿನ ನಡುವೆ ಇರುವ ಸಣ್ಣ ಪ್ಲಾಸ್ಟಿಕ್ ಫಿಲ್ಟರ್ ಹಳದಿ ತಿರುಗಿದ್ದರೆ, ಕಾಕ್ ಒಸರುತ್ತಿದ್ದರೆ ಬದಲಿಸಿ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಎಲ್ಲ ಕಡೆ ಅದೇ. ಹಳೆಯ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ತಿಂಗಳಿಗೊಮ್ಮೆ ಬೆರಳಿನಿಂದ ಒತ್ತಿ ನೋಡಿ. ಉಬ್ಬಿದ್ದರೆ, ಬಿರಿದಿದ್ದರೆ ಹೊಸದು.

ಸೈಡ್ ಕವರ್, ಮಡ್‌ಗಾರ್ಡ್: ಇಲ್ಲಿ ಕೈಚಳಕಕ್ಕೆ ಜಾಗವಿದೆ

ಸೈಡ್ ಕವರ್ ಒಡೆಯುವುದು ಹೆಚ್ಚಾಗಿ ಬಿಚ್ಚುವಾಗ. ಅದರ ಹಿಂದೆ ಮೂರು ಮೊಳೆಯಂಥ ಪ್ಲಾಸ್ಟಿಕ್ ಗೂಟ, ಚಾಸಿಯಲ್ಲಿ ಮೂರು ರಬ್ಬರ್ ಗ್ರಾಮೆಟ್. ಬಿಸಿಲಿಗೆ ರಬ್ಬರ್ ಕಲ್ಲಾಗಿರುತ್ತದೆ, ಎಳೆದೊಡನೆ ಗೂಟ ಮುರಿಯುತ್ತದೆ. ಗ್ರಾಮೆಟ್ಟಿಗೆ ಸೋಪಿನ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಒಂದೊಂದೇ ಗೂಟದ ಹತ್ತಿರ ಕೈಯಿಟ್ಟು ನೇರಕ್ಕೆ ಎಳೆಯಿರಿ. ಮೂಲೆ ಹಿಡಿದು ತಿರುಚಬೇಡಿ. ಪೆಟ್ರೋಲ್ ಹಾಕಬೇಡಿ. ಕಲ್ಲಾದ ಗ್ರಾಮೆಟ್ಟುಗಳನ್ನು ಬಿಸಾಕಿ ಹೊಸವು ಹಾಕಿ. ಹಳೆ ಗ್ರಾಮೆಟ್ ಬಿಟ್ಟು ಹೊಸ ಕವರ್ ಹಾಕಿದರೆ ಅದೂ ಮುರಿಯುತ್ತದೆ.

ಅಂಟಿಸುವ ಮುಂಚೆ ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯಿರಿ. ಒಳಮೈಯಲ್ಲಿ ಎರಡು ಬಾಣದ ತಲೆಗಳ ನಡುವೆ ಸಣ್ಣ ಇಂಗ್ಲಿಷ್ ಅಕ್ಷರ ಇರುತ್ತದೆ: ಎಬಿಎಸ್ ಅಥವಾ ಪಿಪಿ. ಬಣ್ಣ ಹೊಳೆಯುವ ಸೈಡ್ ಕವರುಗಳು ಸಾಮಾನ್ಯವಾಗಿ ಎಬಿಎಸ್. ಬಣ್ಣವಿಲ್ಲದ ಕಪ್ಪು, ಸ್ವಲ್ಪ ಬಾಗುವ ಭಾಗಗಳು ಹೆಚ್ಚಾಗಿ ಪಿಪಿ. ಅಕ್ಷರ ಅಳಿಸಿದ್ದರೆ ಒಳಗಿನಿಂದ ಒಂದು ಚೂರು ಕೆತ್ತಿ, ಬಣ್ಣವಿದ್ದರೆ ಕೆರೆದು, ಸೋಪು ಬೆರೆಸಿದ ನೀರಿಗೆ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಬೆಂಕಿ ಹಚ್ಚಿ ವಾಸನೆ ನೋಡುವ ಪದ್ಧತಿ ಬಿಡಿ, ಆ ಹೊಗೆ ಕೆಟ್ಟದ್ದು.

ಎಬಿಎಸ್ ಆಗಿದ್ದರೆ ಅದಕ್ಕೆ ಅದರದೇ ಅಂಟು ಮಾಡಿಕೊಳ್ಳಬಹುದು. ಒಡೆದ ಹಳೆಯ ಎಬಿಎಸ್ ಕವರಿನ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದು ಮುಚ್ಚಿಡಿ. ಮರುದಿನಕ್ಕೆ ಕರಗಿ ಜೋಳದ ಅಂಬಲಿಯ ಹದಕ್ಕೆ ಬರುತ್ತದೆ. ಸೀಳಿನ ಕೊನೆಗೆ 3 ಮಿಲಿಮೀಟರ್ ತೂತು ಕೊರೆಯಿರಿ. ಹಾಗೆ ಮಾಡದಿದ್ದರೆ ಸೀಳು ಅಂಟಿನ ಆಚೆಗೆ ಓಡುತ್ತದೆ. ಒಳಮೈಯನ್ನು ಸೋಪಿನಿಂದ ತೊಳೆದು ಒಣಗಿಸಿ, ಮರಳು ಕಾಗದದಿಂದ ಒರಟು ಮಾಡಿ, ಹೊರಗೆ ಟೇಪು ಅಂಟಿಸಿ ಸೀಳಿನ ಬಾಯಿ ಕೂಡಿಸಿ. ಒಳಗಿನಿಂದ ಅಂಟು ಸವರಿ, ಅದರ ಮೇಲೆ ಸೊಳ್ಳೆ ಜಾಲರಿಯ ತುಂಡು ಇಟ್ಟು, ಮತ್ತೆ ಸವರಿ. ಒಂದು ಹಗಲು ಒಂದು ರಾತ್ರಿ ನೆರಳಲ್ಲಿ ಬಿಡಿ. ಮುರಿದ ಗೂಟವನ್ನೂ ಹೀಗೆಯೇ ಕೂಡಿಸಬಹುದು. ಸರಿಯಾಗಿ ಮಾಡಿದ ಬೆಸುಗೆ ಹೊಸ ಕವರಿನಷ್ಟೇ ಬಾಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬರೀ ಸೀಳು ಬಿಟ್ಟ ಎಬಿಎಸ್ ಕವರನ್ನು ಗುಜರಿಗೆ ಹಾಕಬೇಡಿ.

ಅಸಿಟೋನ್ ಪೆಟ್ರೋಲಿನಂತೆಯೇ ಥಟ್ಟನೆ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಕೂತು ಕೆಲಸ ಮಾಡಿ, ಬೀಡಿ ದೂರ ಇರಲಿ, ಶೀಶೆ ಮಕ್ಕಳ ಕೈಗೆ ಸಿಗದಿರಲಿ. ನೀರಿನ ಬಾಟಲಿಯಲ್ಲಿ ತುಂಬಿಡಲೇಬೇಡಿ.

ಪಿಪಿಗೆ ಅಸಿಟೋನ್ ನಾಟುವುದಿಲ್ಲ, ಫೆವಿಕ್ವಿಕ್ ನಿಲ್ಲುವುದಿಲ್ಲ, ಎಂ-ಸೀಲ್ ಒಣಗಿದ ಮೇಲೆ ಉಗುರಿನಿಂದ ಎದ್ದು ಬರುತ್ತದೆ. ಅದನ್ನು ಹೊಲಿಯಿರಿ. ಸೀಳಿನ ಎರಡೂ ಬದಿಗೆ ಸಾಲಾಗಿ ತೂತು ಕೊರೆದು ಕಪ್ಪು ಕೇಬಲ್ ಟೈಯಿಂದ ಬಿಗಿಯಿರಿ. ಬಿಳಿ ಟೈ ಬೇಡ, ನಮ್ಮ ಬಿಸಿಲಿಗೆ ಅದು ಬೇಗ ಮುರಿಯುತ್ತದೆ. ಸೋಲ್ಡರಿಂಗ್ ಕಡ್ಡಿಯಿಂದ ತಾಮ್ರದ ತಂತಿಯನ್ನು ಒಳಗೆ ಇಳಿಸಿ ಕೂಡಿಸುವ ಮಿಸ್ತ್ರಿಗಳಿದ್ದಾರೆ, ಅದೂ ಒಳ್ಳೆಯ ಕೆಲಸವೇ. ಆದರೆ ಭಾಗವನ್ನು ಗಾಡಿಯಿಂದ ಬಿಚ್ಚಿ ಬೇರೆ ಇಟ್ಟುಕೊಂಡು ಮಾಡಬೇಕು, ಟ್ಯಾಂಕಿನ ಪಕ್ಕದಲ್ಲಿ ಅಲ್ಲ.

ಫೆವಿಕ್ವಿಕ್ ಬಗ್ಗೆ ನಮ್ಮ ಸೀಮೆಗೆಂದೇ ಒಂದು ಎಚ್ಚರಿಕೆ. ಶಹಾಪುರದ ಸುತ್ತ ಹತ್ತಿ ಬಿಡಿಸುವ ಕಾಲದಲ್ಲಿ ಮನೆಯಲ್ಲಿ, ಅಂಗಡಿಯಲ್ಲಿ, ಗಾಡಿಯ ಸೀಟಿನ ಸಂದಿಯಲ್ಲೂ ಹತ್ತಿ ಇರುತ್ತದೆ. ಈ ಅಂಟು ಹತ್ತಿಗೆ ಧಾರಾಳವಾಗಿ ಬಿದ್ದರೆ ಥಟ್ಟನೆ ಕಾದು ಹೊಗೆ ಏಳುತ್ತದೆ, ಚರ್ಮ ಸುಡುತ್ತದೆ. ಹೆಚ್ಚಾದ ಅಂಟನ್ನು ಹತ್ತಿಯಿಂದ ಒರೆಸಬೇಡಿ, ಹತ್ತಿ ಕೈಗವಸು ಹಾಕಿಕೊಂಡು ಈ ಅಂಟು ಹಿಡಿಯಬೇಡಿ. ಚೆಲ್ಲಿದರೆ ಪ್ಲಾಸ್ಟಿಕ್ ಹಾಳೆಯ ತುಂಡಿನಿಂದ ಕೆರೆದು ತೆಗೆಯಿರಿ.

ಹೊಲಕ್ಕೆ ಔಷಧಿ ಹೊಡೆಯುವವರು ಡಬ್ಬಿಯನ್ನು ಸೈಡ್ ಕವರಿಗೆ ತಾಗುವಂತೆ ನೇತುಹಾಕುತ್ತಾರೆ. ಬೇಡ. ಎಣ್ಣೆಯಂಥ ಕೆಲವು ಕೀಟನಾಶಕಗಳಲ್ಲಿರುವ ದ್ರಾವಕ ಎಬಿಎಸ್ಸನ್ನು ಮೆತ್ತಗೆ ಮಾಡಿ ಸೀಳಿಸುತ್ತದೆ. ಬ್ರೇಕ್ ಆಯಿಲ್, ಬೋಲ್ಟ್ ಸಡಿಲಾಗದಂತೆ ಹಚ್ಚುವ ನೀಲಿ ದ್ರವ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಇವೂ ಹಾಗೆಯೇ. ಅವತ್ತು ಏನೂ ಕಾಣುವುದಿಲ್ಲ, ತಿಂಗಳ ಮೇಲೆ ಬೋಲ್ಟಿನ ಸುತ್ತ ಸೂರ್ಯನ ಕಿರಣದ ಹಾಗೆ ಸೀಳು ಕಾಣುತ್ತದೆ. ತೊಳೆಯಲು ಸೋಪು, ನೀರು ಸಾಕು.

ಮುಂದಿನ ಮಡ್‌ಗಾರ್ಡ್ ಮುಚ್ಚುವುದೂ ಹೌದು, ದುಡಿಯುವುದೂ ಹೌದು. ಅಂಚಿನ ಸೀಳನ್ನು ಹೊಲಿಯಬಹುದು. ಬೋಲ್ಟಿನ ತೂತಿನ ಸುತ್ತ ಸೀಳಿದ್ದರೆ ಹೊಲಿಯಬೇಡಿ, ಹೊಸದು ಹಾಕಿ. ಅದು ಕಳಚಿ ಓಡುವ ಗಾಲಿಗೆ ಸಿಕ್ಕಿದರೆ ಬೀಳುವುದೇ. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿ ಅಲುಗದಂತಾಗುತ್ತದೆ ನಿಜ. ಅದಕ್ಕೆಂದು ಮಡ್‌ಗಾರ್ಡನ್ನೇ ಬಿಚ್ಚಿ ಮನೆಯಲ್ಲಿಡಬೇಡಿ. ಎಷ್ಟೋ ಗಾಡಿಗಳಲ್ಲಿ ಮೀಟರ್ ಕೇಬಲ್, ಬ್ರೇಕ್ ಕೇಬಲ್ಲುಗಳನ್ನು ಟೈರಿನಿಂದ ದೂರ ಹಿಡಿಯುವ ಕೊಂಡಿ ಅದರ ಪಟ್ಟಿಯಲ್ಲೇ ಇರುತ್ತದೆ. ರೇಸ್ ಕೊಟ್ಟು ಒತ್ತಾಯದಿಂದ ನುಗ್ಗಿಸಬೇಡಿ. ಇಳಿದು ಕಡ್ಡಿಯಿಂದ ಮಣ್ಣು ತೆಗೆಯಿರಿ. ಹೊಸ ಮಡ್‌ಗಾರ್ಡ್ ಕೂರಿಸುವಾಗ ಬೋಲ್ಟಿನ ತೂತಿನೊಳಗಿನ ಸಣ್ಣ ಉಕ್ಕಿನ ಬುಷ್ಷನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಹಾಕಿ. ಬುಷ್ ಇಲ್ಲದೆ ಬಿಗಿದರೆ ಬೋಲ್ಟು ಪ್ಲಾಸ್ಟಿಕ್ಕನ್ನು ಹಿಂಡಿ ಮೊದಲ ವಾರವೇ ಸೀಳುತ್ತದೆ.

ಹಿಂದಿನ ಕೆಂಪು ದೀಪದ ಗಾಜು ಒಡೆದರೆ ಕೆಂಪು ಟೇಪು, ಕೆಂಪು ಹಾಳೆ ಅಂಟಿಸಬೇಡಿ, ಬದಲಿಸಿ. ಕತ್ತಲಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರು ಹಿಂದೆ ಬರುತ್ತಿದ್ದರೆ ಅದರ ಚಾಲಕನಿಗೆ ನೀವು ಕಾಣುವುದು ಆ ದೀಪದಿಂದಲೇ. 15 ವರ್ಷ ತುಂಬಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕು. ಆಗಲೂ ದೀಪ, ಇಂಡಿಕೇಟರ್ ಸರಿ ಇರಬೇಕು. ಟ್ಯಾಂಕು ಸಮೇತ ಗಾಡಿಯ ಬಣ್ಣವನ್ನೇ ಬದಲಿಸುವುದಿದ್ದರೆ ಆರ್‌ಸಿಯಲ್ಲಿ ಅದನ್ನು ನಮೂದಿಸಿಕೊಳ್ಳಿ.

ಸಾಮಾನು ಕೊಳ್ಳುವಾಗ

ಮುರಿದ ಭಾಗವನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಗಾಡಿಯ ಹೆಸರು ಒಂದೇ ಇದ್ದರೂ ವರ್ಷ ಬದಲಾದರೆ ಗೂಟದ ಜಾಗ ಬದಲಾಗುತ್ತದೆ, ಹಲ್ಲಿನ ಲೆಕ್ಕ ಬದಲಾಗುತ್ತದೆ. ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷ ಹೇಳಿ. ಮುಚ್ಚುವ ಪ್ಲಾಸ್ಟಿಕ್ಕಿಗೆ ಲೋಕಲ್ ಮಾಲು ನಡೆಯುತ್ತದೆ, ಗುಜರಿಯದ್ದೂ ನಡೆಯುತ್ತದೆ. ದುಡಿಯುವ ಪ್ಲಾಸ್ಟಿಕ್ಕಿಗೆ ಕಂಪನಿಯ ಮಾಲೇ ಬೇಕು: ಸೀಲಾದ ಪಾಕೀಟು, ಅದರ ಮೇಲೆ ಪಾರ್ಟ್ ನಂಬರು, ಎಂಆರ್‌ಪಿ, ಬಿಲ್ಲು. ಇಲ್ಲಿ ಸಿಗದಿದ್ದರೆ ಕಲಬುರಗಿ, ರಾಯಚೂರಿನಿಂದ ತರಿಸಿ. ಎರಡು ದಿನ ಬಸ್ಸಿನಲ್ಲಿ ಓಡಾಡಿ. ಸಿಗಲಿಲ್ಲವೆಂದು ಬೇರೆ ಗಾಡಿಯದನ್ನು ಚಾಕುವಿನಿಂದ ಕೆತ್ತಿ ಕೂರಿಸಬೇಡಿ.

ಕಂಪನಿಯೇ ತಯಾರಿಕೆ ನಿಲ್ಲಿಸಿದ ಗಾಡಿ ಇಟ್ಟುಕೊಂಡವರು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯವರು, ಆರ್‌ಎಕ್ಸ್ 100 ಪ್ರೇಮಿಗಳು, ಈಗ ಥ್ರೀ-ಡಿ ಪ್ರಿಂಟರಿನಲ್ಲಿ ಕವರು, ಕ್ಯಾಪು ಮಾಡಿಸುತ್ತಾರೆ. ಮಾಡಿಸಿ, ಆದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ಬೇಡವೇ ಬೇಡ. ಅದು 60 ಡಿಗ್ರಿಗೇ ಮೆತ್ತಗಾಗುತ್ತದೆ. ಯಾದಗಿರಿಯ ಮೇ ತಿಂಗಳ ಬಿಸಿಲಲ್ಲಿ ನಿಂತ ಗಾಡಿಯ ಮೇಲೆ ಅಷ್ಟು ಬಿಸಿ ಆಗಿಯೇ ಆಗುತ್ತದೆ. ಎಬಿಎಸ್ ಅಥವಾ ಎಎಸ್‌ಎ ಕೇಳಿ. ಪ್ರಿಂಟ್ ಮಾಡಿದ್ದು ಮುಚ್ಚಲು ಮಾತ್ರ. ಎಕ್ಸಲೇಟರ್ ಪೈಪನ್ನು, ಗೇರನ್ನು ಪ್ರಿಂಟ್ ಮಾಡಿಸಬೇಡಿ.

ಯಾವ ಭಾಗ ಬದಲಿಸಿದರೂ ಮೊದಲ ಹತ್ತು ಕಿಲೋಮೀಟರ್ ನಿಧಾನಕ್ಕೆ, ಒಬ್ಬರೇ ಓಡಿಸಿ. ನಿಲ್ಲಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಆಮೇಲೆ ಮಕ್ಕಳನ್ನು ಕೂರಿಸಿ.

ತೆಗೆದ ಹಳೆ ಪ್ಲಾಸ್ಟಿಕ್ಕನ್ನು ತಿಪ್ಪೆಗೆ ಹಾಕಿ ಸುಡಬೇಡಿ, ಗುಜರಿಯವರಿಗೆ ಕೊಡಿ. ಕೊಡುವ ಮುಂಚೆ ಸವೆದ ಎಕ್ಸಲೇಟರ್ ಪೈಪನ್ನೂ ಹಲ್ಲು ಹೋದ ಗೇರನ್ನೂ ಕಟಿಂಗ್ ಪ್ಲೈಯರಿನಿಂದ ಎರಡು ತುಂಡು ಮಾಡಿ. ಇಡಿಯಾಗಿ ಕೊಟ್ಟರೆ ತೊಳೆದು, ಒರೆಸಿ, ಇನ್ನೊಬ್ಬರ ಗಾಡಿಗೆ ಅದು ಮತ್ತೆ ಹತ್ತಬಹುದು.